ಎರಡನೇ ಬಾಣಂತನ

ಕೂತುಕೋ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಬಸ್ ಕಂಡಕ್ಟರ್. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ನನ್ನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ನುಗ್ಗಿಕೊಂಡು ಹೋಗಿ, ಟಿಕೆಟ್ ಮೆಷಿನ್ ಒತ್ತಿ, ಚಿಲ್ಲರೆ ತಾರದವನಿಗೆ ನಾಲ್ಕು ಮಾತು ಬೈದು, ದೊಡ್ಡಿ ಸ್ಟಾಪಿನಲ್ಲಿ ಇಳಿಯಬೇಕಾದ ಅಜ್ಜಿಯನ್ನು ಎಬ್ಬಿಸಿ ಇಳಿಸುವುದರಲ್ಲಿ ನನಗೆ ಸಿಗುವ ಸುಖ ಯಾವ ಸೋಫಾದಲ್ಲೂ ಸಿಕ್ಕಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಕ್ಕರೆ ನಗಲಿ.

ನಮ್ಮ ಮನೆ ಇರುವುದು ಶಿವನಸಮುದ್ರದಲ್ಲಿ, ಹಳೇ ಪವರ್ ಹೌಸಿನ ಕ್ವಾರ್ಟರ್ಸು. ನನ್ನ ಗಂಡ ಚಲುವರಾಜು ಅಲ್ಲೇ ಆಪರೇಟರ್. ಕರೆಂಟು ಹುಟ್ಟುವ ಊರಿನಲ್ಲೂ ನಮ್ಮ ಮನೆಯಲ್ಲಿ ಕರೆಂಟು ಹೋಗುತ್ತದಲ್ಲ ಎಂದರೆ, ಅದು ತನ್ನ ಸೆಕ್ಷನ್ ಅಲ್ಲ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಾನೆ. ಜಗಳ ಆಡಲು ಬಾರದ ಮನುಷ್ಯ. ಆ ಕೊರತೆಯನ್ನು ಅವನ ತಾಯಿ ದೇವಿರಮ್ಮ ತುಂಬಿಕೊಡುತ್ತಾಳೆ. ಅತ್ತೆಯನ್ನು ಏಕವಚನದಲ್ಲಿ ಕರೆಯುತ್ತೇನೆಂದು ಓದುವವರು ಮುಖ ಸಿಂಡರಿಸಬಾರದು. ಮದುವೆಯಾದ ಹೊಸತರಲ್ಲಿ ನಾನು ಬನ್ನಿ, ಹೋಗಿ ಎಂದಾಗ, ನಾನೇನು ನಿಮ್ಮನೆಗೆ ಬಂದ ನೆಂಟಳೇ ಎಂದು ಎರಡು ದಿನ ಮಾತು ಬಿಟ್ಟವಳು ಅವಳು.

ನನ್ನ ಸೊಂಟ ಹಿಡಿದುಕೊಂಡದ್ದು ಮಗಳು ಚಂದನ ಹುಟ್ಟಿದ ಮೇಲೆ. ಅವಳು ಈಗ ಎರಡನೇ ಕ್ಲಾಸು. ಬೆಳಗಿನ ಜಾವ ನೋವಿಗೇ ಎಚ್ಚರವಾಗುತ್ತಿತ್ತು. ಮಗ್ಗುಲು ತಿರುಗಬೇಕಾದರೆ ಮಂಚದ ಅಂಚು ಹಿಡಿಯಬೇಕಿತ್ತು. ಎದ್ದು ನಿಂತರೆ ಬೆನ್ನು ಹಲಗೆ. ವಿಚಿತ್ರವೆಂದರೆ, ಡ್ಯೂಟಿಗೆ ಹೋದ ದಿನ ಬಸ್ಸು ದೊಡ್ಡಿ ದಾಟುವಷ್ಟರಲ್ಲಿ ನಾನು ಸಡಿಲವಾಗಿಬಿಡುತ್ತಿದ್ದೆ. ವಾರದ ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಂಡರೆ ಸಂಜೆಯಾದರೂ ಹಲಗೆಯೇ. ಇದನ್ನು ಯಾರಿಗೆ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸಿದ ಡಾಕ್ಟರುಗಳು ಎಕ್ಸ್‌ರೇ ನೋಡಿ ಏನೂ ಇಲ್ಲವೆಂದು ಸೊಂಟಕ್ಕೆ ಬೆಲ್ಟು ಕೊಟ್ಟು ರೆಸ್ಟ್ ಮಾಡಿ ಎಂದರು. ಡಿಪೋದವರು ಬಸ್ಸಿನ ಕುಲುಕಾಟ ಎಂದರು. ಕ್ವಾರ್ಟರ್ಸಿನ ಹೆಂಗಸರು ಹೆರಿಗೆಯಲ್ಲಿ ಬೆನ್ನಿಗೆ ಚುಚ್ಚಿದ ಇಂಜೆಕ್ಷನ್ ಎಂದರು. ನನ್ನತ್ತೆ ಇವರೆಲ್ಲರ ಮಾತನ್ನೂ ಪಕ್ಕಕ್ಕೆ ತಳ್ಳಿದಳು.

"ಇದು ನಿಮ್ಮವ್ವ ಮಾಡಿದ ಬಾಣಂತನ ಕಣಮ್ಮಿ. ಇನ್ನೇನೂ ಅಲ್ಲ."

ನಮ್ಮಮ್ಮ ಇಂದ್ರಮ್ಮ ಮದ್ದೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸಣ್ಣ ತಿಂಡಿ ಹೋಟೆಲು ನಡೆಸುತ್ತಾಳೆ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಸಂಜೆ ವಡೆ. ಮಗು ಹುಟ್ಟಿದಾಗ ನಾನು ತವರಿನಲ್ಲೇ ಇದ್ದೆ. ಅಮ್ಮನಿಗೆ ಒಲೆ ಬಿಟ್ಟು ಬರಲಾಗುತ್ತಿರಲಿಲ್ಲ, ನನಗೂ ಮಲಗಿ ಸಾಕಾಗಿತ್ತು. ತಿಂಗಳು ತುಂಬುವ ಮೊದಲೇ ಎದ್ದು ಕೂತು ವಡೆಗೆ ಈರುಳ್ಳಿ ಹೆಚ್ಚಿಕೊಟ್ಟೆ. ಮಗು ನೋಡಲು ಬಂದ ಅತ್ತೆಯ ಕಣ್ಣಿಗೆ ಬಿದ್ದದ್ದು ಅದೇ. ಅವತ್ತು ಹೊರಟು ಹೋದವಳು ನಮ್ಮಮ್ಮನ ಹೋಟೆಲಿನ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ನಾನು ಪ್ರತಿ ಸಲ ಸೊಂಟ ಹಿಡಿದುಕೊಂಡಾಗಲೂ ಮದ್ದೂರಿನ ದಿಕ್ಕಿಗೆ ತಿರುಗಿ ಒಂದು ಮಾತು ಎಸೆಯುತ್ತಿದ್ದಳು. ಅಮ್ಮನಿಗೂ ಅದು ಗೊತ್ತಿತ್ತು. ನನ್ನ ಬಸ್ಸು ಮದ್ದೂರಿನಲ್ಲಿ ನಿಂತಾಗ ಕಿಟಕಿಯಿಂದ ಪೊಟ್ಟಣ ಕೊಡುತ್ತಾ, "ಸೊಂಟ ಎಂಗದೆ?" ಎಂದು ಕೇಳಿ, ನನ್ನ ಉತ್ತರ ಕೇಳಲು ನಿಲ್ಲದೆ ಹೋಗಿಬಿಡುತ್ತಿದ್ದಳು. ತನ್ನದೇ ತಪ್ಪೆಂದು ಅವಳೂ ನಂಬಿಕೊಂಡಿದ್ದಳು. ಅದು ನನಗೆ ನೋವಿಗಿಂತ ದೊಡ್ಡ ಸಂಕಟವಾಗಿತ್ತು.

ಕೊನೆಗೆ ಮಂಡ್ಯದಲ್ಲಿ ಡಾಕ್ಟರ್ ರುಕ್ಸಾರ್ ಸಿಕ್ಕರು. ಕೀಲುವಾತದ ಡಾಕ್ಟರು. ಮಂಡ್ಯದವರೇ; ಅವರಪ್ಪ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದವರು. ನಾನು ಕುರ್ಚಿ ಹಿಡಿದು ನಿಧಾನಕ್ಕೆ ಕೂರುವುದನ್ನು ನೋಡುತ್ತಲೇ ಅವರು ಕೇಳಿದರು: "ಮಲಗಿದ್ರೆ ನೋವು ಜಾಸ್ತಿ ಆಗುತ್ತಾ, ಓಡಾಡಿದ್ರೆ ಜಾಸ್ತಿ ಆಗುತ್ತಾ?" ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನನಗೆ ಅಳು ಬಂದುಬಿಟ್ಟಿತು. ದೊಡ್ಡಿಯ ಕಥೆ, ರಜೆ ದಿನದ ಕಥೆ, ಎಲ್ಲ ಹೇಳಿದೆ. ಅವರು ಸೊಂಟದ ಎಂಆರ್‌ಐ ಮಾಡಿಸಿದರು.

ಕಂಪ್ಯೂಟರಿನಲ್ಲಿ ಪಟ ತೋರಿಸಿದಾಗ ಅತ್ತೆಯೂ ನನ್ನ ಪಕ್ಕದಲ್ಲಿದ್ದಳು. ಬೆನ್ನುಮೂಳೆ ಇಳಿದು ಬಂದು ಸೊಂಟದ ಮೂಳೆಗೆ ಸೇರುವ ಕಡೆ, ಎರಡೂ ಬದಿಯಲ್ಲಿ, ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು.

"ಈ ಬಿಳಿ ಇದೆಯಲ್ಲ, ಇದು ಉರಿಯೂತ," ಎಂದರು ಡಾಕ್ಟರು. "ಬೆನ್ನುಮೂಳೆಗೆ ಬರೋ ಸಂಧಿವಾತ ಇದು. ಎಕ್ಸ್‌ರೇ ಬೆಂಕಿ ಆರಿದ ಮೇಲಿನ ಬೂದಿ ತೋರಿಸುತ್ತೆ. ಎಂಆರ್‌ಐ ಉರಿಯೋ ಬೆಂಕೀನೇ ತೋರಿಸುತ್ತೆ. ಹಿಂಗೇ ಬಿಟ್ರೆ ಮೂಳೆಗೆ ಮೂಳೆ ಬೆಸೆದುಕೊಂಡುಬಿಡುತ್ತೆ. ಬಿಡೋದು ಬೇಡ."

ಹದಿನೈದು ದಿನಕ್ಕೊಂದು ಇಂಜೆಕ್ಷನ್ ಶುರುವಾಯಿತು. ತೊಡೆಗೆ ನಾನೇ ಚುಚ್ಚಿಕೊಳ್ಳುವುದನ್ನು ಕಲಿತೆ. ಅದು ಫ್ರಿಜ್ಜಿನಲ್ಲೇ ಇರಬೇಕು. ಅತ್ತೆ ಬೆಣ್ಣೆ ಡಬ್ಬಿಗೂ ಮಲ್ಲಿಗೆ ಹೂವಿಗೂ ಮಧ್ಯೆ ಅದಕ್ಕೊಂದು ಜಾಗ ಮಾಡಿದಳು. ಕರೆಂಟು ಹೋದರೆ, "ಲೇ ಚಲುವ, ಎಂತ ಕೆಲಸ ಮಾಡ್ತಿಯ್ಲಾ ನೀನು? ಔಸ್ದಿ ಕೆಟ್ಟೋಯ್ತದೆ!" ಎಂದು ಪವರ್ ಹೌಸಿಗೇ ಫೋನ್ ಮಾಡಿ ಮಗನನ್ನು ಬೈಯುತ್ತಿದ್ದಳು. ದಿನಾ ನಡೆಯಬೇಕು, ವ್ಯಾಯಾಮ ಮಾಡಬೇಕು, ಔಷಧಿ ಅರ್ಧ ಕೆಲಸ ಮಾಡಿದರೆ ಇನ್ನರ್ಧ ಅದೇ ಮಾಡುವುದು ಎಂದು ಡಾಕ್ಟರು ಹೇಳಿದ್ದನ್ನೂ ನಾನು ಪಾಲಿಸಿದೆ. ತಿಂಗಳುಗಳು ಕಳೆದ ಹಾಗೆ ಬೆಳಗಿನ ಹಲಗೆ ಮೆತ್ತಗಾಯಿತು. ಒಂದು ದಿನ ಮಂಚದ ಅಂಚು ಹಿಡಿಯದೆ ಮಗ್ಗುಲು ತಿರುಗಿದೆ. ತಿರುಗಿದ ಮೇಲೆ ಗೊತ್ತಾಯಿತು, ತಿರುಗಿದೆ ಎಂದು. ಗಂಡನನ್ನು ಎಬ್ಬಿಸಿ ಹೇಳಿದೆ. ಅವನು ಇನ್ನೊಂದು ಸಲ ತಿರುಗು ನೋಡೋಣ ಎಂದ.

ಆದರೆ ಅಷ್ಟರಲ್ಲಿ ಬಸ್ಸು ನನ್ನ ಕೈ ಬಿಟ್ಟಿತ್ತು. ನೋವು ಜೋರಾಗಿದ್ದಾಗ ಡಿಪೋದವರು ಒಳ್ಳೆಯ ಮನಸ್ಸಿನಿಂದಲೇ ನನ್ನನ್ನು ಮಳವಳ್ಳಿ ಬಸ್‌ಸ್ಟ್ಯಾಂಡಿನ ವಿಚಾರಣೆ ಕೋಣೆಯಲ್ಲಿ ಕೂರಿಸಿದ್ದರು. ಮುಂದೆ ಮೈಕು, ಕೆಳಗೆ ಮೆತ್ತನೆ ಕುರ್ಚಿ. ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ ಎಂದು ದಿನವಿಡೀ ಹೇಳುವುದು. ನನ್ನ ಹಳೇ ಡ್ರೈವರ್ ಮಜೀದಣ್ಣ ನಮ್ಮ ಬಸ್ಸನ್ನು ಗಾಜಿನ ಮುಂದೆಯೇ ತಂದು ನಿಲ್ಲಿಸಿ ಹಾರನ್ ಒತ್ತಿ ಕೈ ಬೀಸುತ್ತಿದ್ದ. ನನ್ನ ಜಾಗದಲ್ಲಿ ಬೇರೆ ಯಾರೋ ಟಿಕೆಟ್ ಹರಿಯುವುದನ್ನು ನೋಡಲಾಗದೆ ನಾನು ಮೈಕಿನ ಕಡೆ ತಿರುಗುತ್ತಿದ್ದೆ. ಮ್ಯಾನೇಜರು ಕಡ್ಡಿ ಮುರಿದ ಹಾಗೆ ಹೇಳಿದರು: ಡಾಕ್ಟರು ಒಪ್ಪಿದರೆ ಬಸ್ಸು, ಒಪ್ಪದಿದ್ದರೆ ಈ ಕುರ್ಚಿಯೇ ಖಾಯಂ.

ಡಾಕ್ಟರು ಹೇಳಿದ್ದು ಬೇರೆ. "ನಿಮಗೆ ಉರಿ ಇದ್ದಾಗಲೂ ರಕ್ತದಲ್ಲಿ ಏನೂ ಕಾಣಲಿಲ್ಲ. ಕೆಲವರಿಗೆ ಹಂಗೇ. ಅದಕ್ಕೇ ರಕ್ತ ನೋಡಿ ಹೇಳೋಕಾಗಲ್ಲ. ವರ್ಷ ತುಂಬಿದ ಮೇಲೆ ಇನ್ನೊಂದು ಎಂಆರ್‌ಐ ಮಾಡೋಣ. ಬಿಳಿ ಹೋಗಿದ್ರೆ ಬಸ್ಸು ಹತ್ತಿ. ಇನ್ನೂ ಇದ್ರೆ ಈ ಔಷಧಿ ಸೋತಿದೆ ಅಂತ. ಬೇರೆ ಶುರು ಮಾಡ್ಬೇಕು, ಅದು ಹಿಡಿಯೋವರೆಗೂ ಬಸ್ಸಿನ ಮಾತು ಬೇಡ."

ಹೀಗೆ ನನ್ನ ಬಸ್ಸು ಒಂದು ಪಟದ ಮೇಲೆ ನಿಂತಿತು. ಆ ಪಟದ ದಿನಕ್ಕೆ ಒಂದು ವಾರ ಇದೆ ಎನ್ನುವಾಗ ಅತ್ತೆ ತನ್ನ ಯೋಜನೆ ಹೊರಗೆ ತೆಗೆದಳು.

"ಒಂದ್ ವಾರ ರಜ ಹಾಕು," ಎಂದಳು. "ಆವಾಗ ನಿಮ್ಮವ್ವ ಅರ್ಧಕ್ಕೆ ಬುಟ್ಟಿದ್ ಬಾಣಂತನವ ನಾನು ಮುಗುಸ್ತೀನಿ. ಪಟ ತೆಗಿಯೋವಾಗ ಒಳಗೆಲ್ಲ ಚೆಂದಾಗಿ ಕಾಣ್ಬೇಕು."

"ಅತ್ತೆ, ಮಗೀಗೆ ಏಳ್ ವರ್ಸ ಆಯ್ತು!"

"ಮಗೀಗ್ ಆಯ್ತು. ಸೊಂಟಕ್ಕೆ ಆಗಿಲ್ವಲ್ಲ."

ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. ನಡೆದದ್ದೆಲ್ಲ ಸಾಕು, ಮದುವೆಗೆ ಮುಂಚೆ ಹೆಣ್ಣು ಬಿಸಿಲಿಗೆ ಹೋಗುತ್ತದಾ, ಹಾಗೇ ಇದೂ ಎಂದಳು. ಗಂಡನ ಕಡೆ ನೋಡಿದೆ. ಅವನು ಸ್ನಾನಕ್ಕೆ ಹೊರಟಿದ್ದ. ನಿಜ ಹೇಳಬೇಕೆಂದರೆ ನಾನೂ ಹೆದರಿದ್ದೆ. ಪಟ ಕೆಟ್ಟದಾಗಿ ಬಂದುಬಿಟ್ಟರೆ ಎನ್ನುವ ಭಯಕ್ಕೆ ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದೆ. ಅದೂ ಅಲ್ಲದೆ, ನನಗೆ ಬುದ್ಧಿ ಬಂದಾಗಿನಿಂದ ಮಲಗಿಕೋ, ತುಪ್ಪ ತಿನ್ನು, ನಾನು ನೋಡಿಕೊಳ್ಳುತ್ತೇನೆ ಎಂದವರು ಯಾರೂ ಇರಲಿಲ್ಲ. ಒಪ್ಪಿದೆ.

ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಬಿತ್ತು. ಬೆಳಿಗ್ಗೆ ಹರಳೆಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಸೊಂಟಕ್ಕೆ ಹಳೇ ಸೀರೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ತಲೆಗೆ ವಸ್ತ್ರ ಕಟ್ಟಿ ಮಲಗಿಸಿದಳು. ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಬಿಸಿ ಅನ್ನಕ್ಕೆ ತುಪ್ಪ. ಮಧ್ಯೆ ಮಧ್ಯೆ ಒಣಕೊಬ್ಬರಿ, ಬೆಲ್ಲ, ಶುಂಠಿ ಕುಟ್ಟಿದ ಉಂಡೆ. ಎದ್ದು ಕೂತರೆ ಬೈಗುಳ. ಬಚ್ಚಲಿಗೆ ಹೋಗಲೂ ಅವಳ ಹೆಗಲು. ಮೊದಲೆರಡು ದಿನ ನಾನು ರಾಣಿಯ ಹಾಗೆ ಇದ್ದೆ, ಸುಳ್ಳೇಕೆ ಹೇಳಲಿ. ಅತ್ತೆ ಪಾದ ತಿಕ್ಕುತ್ತಾ ಏನೋ ಗುನುಗುತ್ತಿದ್ದಳು, ಆ ಗುನುಗಿಗೆ ನಿದ್ದೆ ಬರುತ್ತಿತ್ತು.

ಚಂದನ ಶಾಲೆಯಲ್ಲಿ ಹೋಗಿ, ನಮ್ಮಮ್ಮ ಬಾಣಂತಿ ಎಂದು ಹೇಳಿದಳು. ಮೂರನೇ ದಿನ ಪಕ್ಕದ ಕ್ವಾರ್ಟರ್ಸಿನ ಚಿಕ್ಕತಾಯಮ್ಮ ಹೊಸ ಕುಲಾವಿ ಒಂದನ್ನು ಹಿಡಿದುಕೊಂಡು ಬಂದೇಬಿಟ್ಟಳು. ನನ್ನನ್ನು ನೋಡಿದಳು, ತಲೆಗೆ ಕಟ್ಟಿದ ವಸ್ತ್ರ ನೋಡಿದಳು, ಸಾಂಬ್ರಾಣಿ ಮೂಸಿದಳು. ಮಂಚದ ಆ ಬದಿ, ಈ ಬದಿ ಕಣ್ಣಾಡಿಸಿದಳು.

"ಯಾವಾಗಾಯ್ತು ದೇವಿರಮ್ಮ? ಒಂದ್ ಮಾತೂ ಏಳ್ಲಿಲ್ವಲ್ಲ! ಮಗು ಎಲ್ಲಿ?"

"ಸ್ಕೂಲ್ಗೆ ಓಗ್ಯದೆ," ಎಂದಳು ಅತ್ತೆ, ಬೆಳ್ಳುಳ್ಳಿ ಸುಲಿಯುತ್ತಾ.

ಚಿಕ್ಕತಾಯಮ್ಮ ಕುಲಾವಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಎದ್ದು ಹೋದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ನಕ್ಕಾಗ ಬೆನ್ನಿನೊಳಗೆ ಏನೋ ಚಳಕ್ ಎಂದಿತು. ತಿಂಗಳುಗಳಿಂದ ಕೇಳದೇ ಇದ್ದ ಹಳೆಯ ನೋವು ಅದು. ನಾನು ನಗು ನಿಲ್ಲಿಸಿದೆ.

ಮಾರನೇ ದಿನ ಬೆಳಗಿನ ಜಾವ ಎಚ್ಚರವಾಯಿತು. ಮಗ್ಗುಲು ತಿರುಗಲು ಹೋದೆ. ಕೈ ತಾನಾಗಿಯೇ ಮಂಚದ ಅಂಚು ಹುಡುಕಿತು. ಅದರ ಮಾರನೇ ದಿನ ಎದ್ದು ಕೂರಲು ಗಂಡನನ್ನು ಕರೆಯಬೇಕಾಯಿತು. ಔಷಧಿ ಸೋತಿತು ಎಂದುಕೊಂಡೆ. ಅತ್ತೆಗೆ ಹೇಳಿದರೆ ಅವಳ ಬಳಿ ಇದ್ದದ್ದು ಒಂದೇ ಮದ್ದು.

"ಅದು ಒಳಗಿನ ವಾತ ಈಚಿಕ್ ಬರ್ತಾ ಅದೆ ಕಣಮ್ಮಿ. ಬರ್ಲಿ ಬುಡು. ಅಲುಗಾಡ್ಬ್ಯಾಡ. ಇನ್ನೂ ಒಸಿ ಮನಿಕ್ಕೊ."

ಮನಿಕ್ಕೊಂಡೆ. ಆ ವಾರ ಮುಗಿಯುವ ಹೊತ್ತಿಗೆ ನಾನು ಮತ್ತೆ ಹಲಗೆಯಾಗಿದ್ದೆ.

ಸ್ಕ್ಯಾನಿನ ದಿನ ಅತ್ತೆಯ ಜೊತೆ ಮಳವಳ್ಳಿಯಿಂದ ಮಂಡ್ಯಕ್ಕೆ ಹತ್ತಿದ್ದು ಮಜೀದಣ್ಣನ ಬಸ್ಸನ್ನೇ. ಮೆಟ್ಟಿಲಿಗೆ ಕಾಲೆತ್ತಿಡಲು ಎರಡು ಕೈಯಲ್ಲೂ ಕಂಬಿ ಹಿಡಿದೆ. ಅವನು ಕನ್ನಡಿಯಲ್ಲಿ ನೋಡಿದ. ಯಾವಾಗಲೂ "ಏನ್ ತಂಗೀ, ಯಾವಾಗ್ ಬರ್ತೀಯ ನನ್ ತಲೆ ತಿನ್ನೋಕೆ?" ಎನ್ನುವವನು ಅವತ್ತು ನಾನು ಒಳಗೆ ಬಂದು ನಿಲ್ಲುವವರೆಗೂ ಬಸ್ಸು ಬಿಡದೆ ಕಾದ. ಯಾರೋ ಹೆಂಗಸು ಎದ್ದು, "ಕೂತ್ಕಳವ್ವ, ನಿನ್ ಕೈಲಿ ನಿಂತ್ಕಳಕ್ ಆಗಕಿಲ್ಲ," ಎಂದು ಜಾಗ ಬಿಟ್ಟಳು. ನನ್ನ ಬಸ್ಸಿನಲ್ಲಿ ನಾನೇ ಕೂತು ಹೋದೆ. ದೊಡ್ಡಿ ಬಂತು, ಹೋಯಿತು. ನಾನು ಸಡಿಲವಾಗಲಿಲ್ಲ. ಮದ್ದೂರಿನಲ್ಲಿ ಅಮ್ಮ ಕಿಟಕಿಯ ಹತ್ತಿರ ಬಂದಳು. ಪಕ್ಕದಲ್ಲಿ ಅತ್ತೆಯನ್ನು ನೋಡಿ ಪೊಟ್ಟಣ ಮಾತ್ರ ಕೊಟ್ಟು ಹಿಂದೆ ಸರಿದಳು. ಅತ್ತೆ ಆ ಕಡೆಗೆ ತಿರುಗಲೇ ಇಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಧೂಳು ಎಂದೆ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ತಾಳಿ, ಬಳೆ, ಕಾಲುಂಗುರ, ಹೇರ್‌ಪಿನ್ನು ಎಲ್ಲ ಬಿಚ್ಚಲು ಹೇಳಿದರು. ಅತ್ತೆ ತಾಳಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಒಳಗೆ ಆ ಮೆಷಿನ್ನು ಸೈಲೆನ್ಸರ್ ಕಿತ್ತುಹೋದ ಬಸ್ಸಿನ ಹಾಗೆ ಬಡಿದುಕೊಳ್ಳುತ್ತದೆ. ಮೊದಲ ಸಲ ನನಗೆ ಆ ಸದ್ದು ಹಿತವಾಗಿತ್ತು. ಈ ಸಲ ಕಣ್ಣು ಮುಚ್ಚಿ, ಬಿಳಿ ಇರಬಾರದು, ಬಿಳಿ ಇರಬಾರದು ಎಂದುಕೊಳ್ಳುತ್ತಾ ಮಲಗಿದ್ದೆ.

ಮಧ್ಯಾಹ್ನ ಡಾಕ್ಟರ್ ರುಕ್ಸಾರ್ ಕೋಣೆಗೆ ನಾನು ನಡೆದು ಬಂದ ರೀತಿ ನೋಡಿಯೇ ಅವರ ಮುಖದ ನಗು ಇಳಿಯಿತು. ಬಗ್ಗಿಸಿದರು, ಬಗ್ಗಲಿಲ್ಲ. ತಿರುಗಿಸಿದರು, ತಿರುಗಲಿಲ್ಲ. ಬೆಳಿಗ್ಗೆಯ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಊಟದ ಹೊತ್ತಿನವರೆಗೂ ಎಂದೆ.

"ಹೋದ ಸಲ ಎಷ್ಟು ಚೆನ್ನಾಗಿದ್ರಿ," ಎಂದರು ಮೆಲ್ಲಗೆ. "ಔಷಧಿ ಕೈ ಬಿಟ್ಟ ಹಾಗೆ ಕಾಣುತ್ತೆ ರಂಜಿತಾ. ಬೇರೆ ಶುರು ಮಾಡೋಣ. ಬೇಜಾರು ಮಾಡ್ಕೋಬೇಡಿ."

ನನಗೆ ಕುರ್ಚಿ ಕಂಡಿತು, ಮೈಕು ಕಂಡಿತು. ಕೊಳ್ಳೇಗಾಲದ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ, ನಾನು ರಿಟೈರ್ ಆಗುವವರೆಗೂ ನಿಂತಿರುತ್ತದೆ ಎನ್ನಿಸಿತು. ಡಾಕ್ಟರು ಪಟ ತೆರೆದರು. ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟರು. ಎಡಗಡೆ ಹಾಲು ಚೆಲ್ಲಿತ್ತು. ಬಲಗಡೆ ನಾನು ನೋಡಲಿಲ್ಲ. ಅತ್ತೆಯ ಮುಷ್ಟಿಯನ್ನೇ ನೋಡುತ್ತಿದ್ದೆ.

ಡಾಕ್ಟರು ಪಟದ ಮೂಲೆಯ ಹೆಸರು ನೋಡಿದರು. "ಇದು ನಿಮ್ಮದೇ ತಾನೆ? ಇವತ್ತಿಂದೇ?" ಎಂದರು. ಒಂದೊಂದೇ ಪಟ ಸರಿಸುತ್ತಾ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಬಿಳಿ ಇಲ್ಲ ರಂಜಿತಾ. ಎಲ್ಲೂ ಇಲ್ಲ. ಹಳೇ ಗಾಯದ ಗುರುತು ಒಂದೆರಡು ಇದೆ, ಅದು ಇರುತ್ತೆ, ಅದಕ್ಕೆ ಹೆದರೋದು ಬೇಡ. ಉರಿ ಪೂರ್ತಿ ಆರಿದೆ."

ಬಲಗಡೆ ನೋಡಿದೆ. ಹಾಲು ಚೆಲ್ಲಿದ್ದ ಕಡೆಯೆಲ್ಲ ಒರೆಸಿಟ್ಟ ನೆಲದ ಹಾಗೆ ಬೂದು ಬಣ್ಣ. ನನಗೆ ಅರ್ಥವಾಗಲಿಲ್ಲ. ಡಾಕ್ಟರಿಗೂ ಅರ್ಥವಾದಂತೆ ಕಾಣಲಿಲ್ಲ.

"ಪಟದಲ್ಲಿರೋ ಸೊಂಟಕ್ಕೂ ನನ್ನ ಮುಂದೆ ಕೂತಿರೋ ಸೊಂಟಕ್ಕೂ ತಾಳೇನೇ ಇಲ್ವಲ್ಲ," ಎಂದರು. "ಒಳಗೆ ಉರಿ ಇಲ್ಲ. ಮತ್ತೆ ಈ ಬಿಗಿತ ಎಲ್ಲಿಂದ ಬಂತು? ಈ ವಾರ ಏನು ಮಾಡಿದ್ರಿ?"

ಅತ್ತೆಯನ್ನು ಡಾಕ್ಟರ ಮುಂದೆ ಸಿಕ್ಕಿಸುವುದು ನನಗೆ ಬೇಕಿರಲಿಲ್ಲ. ಆದರೆ ಅತ್ತೆ ಆಗಲೇ ಎದ್ದು ನಿಂತಿದ್ದಳು. ಪಟ ಚೆನ್ನಾಗಿ ಬಂದಿದೆ ಎನ್ನುವುದು ಅವಳ ಕಿವಿಗೆ ಬಿದ್ದಿತ್ತು. ಮುಖ ಹೊಳೆಯುತ್ತಿತ್ತು.

"ನಾನ್ ಬಾಣಂತನ ಮಾಡ್ದೆ ಡಾಕ್ಟ್ರಮ್ಮ! ಒಂದ್ ವಾರ ನೆಲಕ್ಕೆ ಕಾಲ್ ಮಡಗಕ್ಕೆ ಬುಡ್ಲಿಲ್ಲ. ಎಣ್ಣೆ, ನೀರು, ಮೆಣಸಿನ್ಸಾರು, ಒಂದೂ ತಪ್ಪಿಸ್ಲಿಲ್ಲ. ನೋಡಿ, ಎಂಗ್ ತೊಳ್ದಂಗೆ ಬಂದದೆ ಪಟ!"

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರಿಗೆ ನಗು ಬಂತು, ತಡೆದುಕೊಂಡರು, ಆಗಲಿಲ್ಲ, ಬಾಯಿಗೆ ಕೈ ಅಡ್ಡ ಇಟ್ಟು ಚೆನ್ನಾಗಿಯೇ ನಕ್ಕರು. ಆಮೇಲೆ ಅತ್ತೆಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಅಮ್ಮಾ, ಕೋಪ ಮಾಡ್ಕೋಬೇಡಿ. ಈ ಬಿಳಿ ಹೋಗಿದ್ದು ವರ್ಷದ ಇಂಜೆಕ್ಷನ್ನಿಂದ. ನೀವು ಫ್ರಿಜ್ಜಲ್ಲಿ ಜೋಪಾನ ಮಾಡಿದ್ರಲ್ಲ, ಅದರಿಂದ. ಈ ವಾರದ ಬಿಗಿತ ಮಾತ್ರ ಮಲಗಿಸಿದ್ದರಿಂದ. ಈ ಕಾಯಿಲೇಲಿ ಮಲಗಿದಷ್ಟೂ ಬೆನ್ನು ಹಿಡಿಯುತ್ತೆ, ಓಡಾಡಿದಷ್ಟೂ ಬಿಡುತ್ತೆ. ಇವತ್ತು ಈ ಪಟ ಇಲ್ಲದೇ ಇದ್ದಿದ್ರೆ, ಇವರ ನಡಿಗೆ ನೋಡಿ ನಾನು ಒಳ್ಳೇ ಔಷಧೀನ ನಿಲ್ಲಿಸಿಬಿಡ್ತಿದ್ದೆ."

ಅತ್ತೆಯ ಮುಖದ ಹೊಳಪು ಹೋಯಿತು. ಸೆರಗಿನ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಅವಳನ್ನು ಆ ಥರ ನಾನು ಯಾವತ್ತೂ ನೋಡಿರಲಿಲ್ಲ. ಬೈದರೆ ತಿರುಗಿಸಿ ಬೈಯುವ ಹೆಂಗಸು ಸುಮ್ಮನಾದರೆ ನೋಡಲಾಗುವುದಿಲ್ಲ. ನನ್ನ ಪಾದ ತಿಕ್ಕಿದ ಕೈ ಅದು. ನಾನು ಏನಾದರೂ ಅನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಅವಳೇ ಕೇಳಿದಳು.

"ಅಂಗಾರೆ ಡಾಕ್ಟ್ರಮ್ಮ... ಇವ್ಳವ್ವ ಆವಾಗ ಬೇಗ ಎಬ್ಬಿಸ್ಬುಟ್ಲಲ್ಲ. ಅದ್ರಿಂದ ಬಂದಿದ್ದಲ್ವಾ ಇದು?"

"ಅಲ್ಲಮ್ಮ. ಯಾರ ಬಾಣಂತನದಿಂದಲೂ ಬಂದಿದ್ದಲ್ಲ. ಬೆನ್ನಿನ ಇಂಜೆಕ್ಷನ್ನಿಂದಲೂ ಅಲ್ಲ, ಬಸ್ಸಿನಿಂದಲೂ ಅಲ್ಲ. ಕೆಲವರ ಮೈಯಲ್ಲಿ ಮೊದಲಿಂದಲೇ ಅಡಗಿರುತ್ತೆ, ಒಂದು ವಯಸ್ಸಿಗೆ ಏಳುತ್ತೆ. ಯಾರ ತಪ್ಪೂ ಇಲ್ಲ."

ಅತ್ತೆ ತಲೆಯಾಡಿಸಿದಳು. ಡಾಕ್ಟರು ನನಗೆ ಇವತ್ತಿನಿಂದಲೇ ನಡೆಯಲು ಹೇಳಿದರು. ಇಂಜೆಕ್ಷನ್ನು ಮುಂದುವರಿಯಲಿ, ಬರುವ ವಾರ ಸರಾಗವಾಗಿ ನಡೆದು ತೋರಿಸಿದರೆ ಡಿಪೋಗೆ ತಾವೇ ತಿಳಿಸುತ್ತೇನೆ ಎಂದರು. ಹೊರಗೆ ಬಂದಾಗ ಅತ್ತೆ ಗಂಟು ಬಿಚ್ಚಿ ತಾಳಿಯನ್ನು ನನ್ನ ಕೊರಳಿಗೆ ತಾನೇ ಹಾಕಿದಳು. ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿಯೋಣ ಎಂದೆ, ಸುಮ್ಮನೆ. ಅವಳು ಕಣ್ಣು ಕೆಕ್ಕರಿಸಿದಳು.

"ನಡಿಯೇ! ಡಾಕ್ಟ್ರು ಏನಂದ್ರು ಕೇಳುಸ್ಲಿಲ್ವಾ?"

ವಾಪಸ್ಸು ಬರುವಾಗ ಗೆಜ್ಜಲಗೆರೆ ದಾಟಿದ ಮೇಲೆ ಅತ್ತೆ, ಮದ್ದೂರಿನಲ್ಲಿ ಇಳಿಯೋಣ ಎಂದಳು. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಅವಳು ಮುಂದೆ, ನಾನು ಹಿಂದೆ. ಅಮ್ಮ ವಡೆ ಬಾಣಲೆಯ ಮುಂದೆ ನಿಂತಿದ್ದಳು. ಅತ್ತೆಯನ್ನು ಕಂಡು ಜಾಲರಿ ಹಿಡಿದ ಕೈ ಹಾಗೇ ನಿಂತಿತು.

"ಇಂದ್ರಮ್ಮ, ಒಂದ್ ಲೋಟ ಕಾಪಿ ಕೊಡವ್ವ," ಎಂದಳು ಅತ್ತೆ, ಮೆಟ್ಟಿಲ ಮೇಲೆ ನಿಂತು. "ಇವ್ಳ ಸೊಂಟ ನಿನ್ನಿಂದ ಕೆಟ್ಟಿದ್ದಲ್ವಂತೆ. ಡಾಕ್ಟ್ರು ಪಟ ನೋಡಿ ಏಳುದ್ರು. ಇಷ್ಟ್ ವರ್ಸ ನಿನ್ನ ಬಾಯ್ಗೆ ಬಂದಂಗೆ ಅಂದಿವ್ನಿ. ತಪ್ಪಾಯ್ತು ಅಂತ ಏಳಕ್ಕೆ ಬಂದಿಲ್ಲ ನಾನು. ಕಾಪಿ ಕುಡಿಯಾಕೆ ಬಂದಿವ್ನಿ."

ಅಮ್ಮ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಬಾಣಲೆಯ ಕಡೆ ತಿರುಗಿ ವಡೆಗಳನ್ನು ಎತ್ತಿದಳು, ಎಲ್ಲ ಕಪ್ಪಾಗಿದ್ದವು. ಒಲೆಯ ಹೊಗೆ ಎನ್ನುವ ಹಾಗೆ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

"ಕಾಪಿ ಕುಡಿಯಾಕೇ ಬಾ ಅಕ್ಕ," ಎಂದಳು. "ಸಕ್ಕರೆ ಒಸಿ ಜಾಸ್ತಿ ಆಕ್ಲಾ?"

ಅವತ್ತು ಅವರಿಬ್ಬರೂ ನನ್ನನ್ನು ಮರೆತು ತುಂಬಾ ಹೊತ್ತು ಮಾತಾಡಿದರು. ನಾನು ಸ್ಟೇಷನ್ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಇದ್ದೆ. ನಡೆಯುತ್ತಾ ನಡೆಯುತ್ತಾ ಬೆನ್ನು ಬಿಡುವುದು ಗೊತ್ತಾಗುತ್ತಿತ್ತು.

ಮುಂದಿನ ಒಂದು ವಾರ ನನ್ನತ್ತೆ ಮಿಲಿಟರಿ ಟ್ರೈನಿಂಗಿನ ಸುಬೇದಾರಳಾದಳು. ಬೆಳಕು ಹರಿಯುವ ಮೊದಲೇ ಕಂಬಳಿ ಎಳೆದು ಎಬ್ಬಿಸಿ, ಪವರ್ ಹೌಸಿನ ರಸ್ತೆಯಲ್ಲಿ ನನ್ನ ಜೊತೆ ತಾನೂ ನಡೆದಳು. ಕಲ್ಲಿನ ಮೇಲೆ ಒಂದು ಗಳಿಗೆ ಕೂರೋಣ ಎಂದರೆ, ಕೂತವರ ಕಥೆ ಗೊತ್ತಲ್ಲ ಎನ್ನುತ್ತಿದ್ದಳು. ಡಾಕ್ಟರ ಮುಂದೆ ನಾನು ಬಗ್ಗಿ ಕಾಲಿನ ಬೆರಳು ಮುಟ್ಟುವಷ್ಟು ಬಂದೆ. ಪೂರ್ತಿ ಅಲ್ಲ, ಆದರೂ ಬಂದೆ. ಅವರು ನನ್ನ ಎದುರಿಗೇ ಮ್ಯಾನೇಜರಿಗೆ ಫೋನ್ ಮಾಡಿ, ಇವರನ್ನು ಕೂರಿಸಬೇಡಿ, ಇವರಿಗೆ ಬಸ್ಸೇ ಒಳ್ಳೇದು ಎಂದರು. ಮೈಕಿನ ಕುರ್ಚಿಗೆ ಕೈಮುಗಿದು ಎದ್ದು ಬಂದೆ.

ಮೊದಲ ಡ್ಯೂಟಿಯ ದಿನ ಅತ್ತೆಯೂ ಹತ್ತಿದಳು. ಮದ್ದೂರಿಗೆ, ಇಂದ್ರಮ್ಮನ ಹೋಟೆಲಿಗೆ. ಆಮೇಲಿಂದ ಅದು ವಾರಕ್ಕೊಂದು ಸಲದ ಪದ್ಧತಿಯಾಯಿತು. ಅವತ್ತು ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಫ್ರೀ ಟಿಕೆಟನ್ನು ಕಣ್ಣಿಗೊತ್ತಿಕೊಂಡಳು. ಬಸ್ಸು ತುಂಬಿತ್ತು. ಮಜೀದಣ್ಣ ಕನ್ನಡಿಯಲ್ಲಿ ನೋಡಿ, "ಬಂದ್ಯಾ ತಂಗೀ, ನನ್ ತಲೆ ತಿನ್ನೋಕೆ?" ಎಂದ. ನಾನು ಜನರ ನಡುವೆ ನುಗ್ಗಿ ಟಿಕೆಟ್ ಕೊಡುತ್ತಾ ಮಧ್ಯಕ್ಕೆ ಬಂದಾಗ, ಒಬ್ಬ ಹೆಂಗಸು ನನ್ನ ಕೈ ಹಿಡಿದಳು. ಅವತ್ತು ನನಗೆ ಸೀಟು ಬಿಟ್ಟಿದ್ದವಳೇ ಅವಳು. ಪಾಪ, ಎದ್ದೇಬಿಟ್ಟಳು.

"ಕಂಡಟ್ರಮ್ಮ, ಸೊಂಟ ನೋವಲ್ವಾ ನಿಂಗೆ, ಬಾ ಕೂತ್ಕೊ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಿಂದ ಇಡೀ ಬಸ್ಸಿಗೆ ಕೇಳುವ ಹಾಗೆ ಅತ್ತೆಯ ದನಿ ಬಂತು.

"ಏಯ್, ಕೂರುಸ್ಬ್ಯಾಡ ಕಣಮ್ಮಿ ಅವ್ಳ! ನಾನು ಒಂದ್ಸಾರಿ ಕೂರ್ಸಿ ಸಾಕಾಯ್ತು. ನಿಂತ್ಕಳ್ಳಿ ಬುಡು ನನ್ ಸೊಸೆ!"

ಬಸ್ಸೆಲ್ಲ ನಕ್ಕಿತು. ಆ ಹೆಂಗಸು ತನ್ನ ಜಾಗದಲ್ಲಿ ತಾನು ಕೂತಳು. ಹೊರಗೆ ದೊಡ್ಡಿ ಬಂದಿತ್ತು. ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿಕೊಂಡು, ನಾನು ಬಾಗಿಲಲ್ಲಿ ನಿಂತೇ ರೈಟ್ ಎಂದೆ.